ಹುರಿ ಇಲ್ಲದ ರೇಷ್ಮೆ ಎಳೆಯಲ್ಲಿ ಕಸೂತಿ ಹಾಕುವುದು ಹೇಗೆ? ಮನೆಯ ರೇಷ್ಮೆ ನೂಲು ಬಳಸಬಹುದಾ?

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಎಲೆಯಲ್ಲಿ ನಿಂತುಬಿಟ್ಟಿದ್ದೇನೆ. ರೇಷ್ಮೆ ದಾರದಲ್ಲಿ ಕೈಕಸೂತಿ ಹಾಕಿ ಅಭ್ಯಾಸ ಇರುವವರು ದಯವಿಟ್ಟು ಹೇಳಿಕೊಡಿ.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. ಅಮ್ಮ ಮಾತ್ರ ಈಗಲೂ ನಮ್ಮದು ಕೋಲಾರ ಜಿಲ್ಲೆ ಅಂತಲೇ ಹೇಳುತ್ತಾಳೆ. ಅಮ್ಮ ಇಪ್ಪತ್ತಾರು ವರ್ಷ ನೂಲು ಬಿಚ್ಚುವ ಕೆಲಸ ಮಾಡಿದವಳು. ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಬೇಕು. ಎಂಟು ಹತ್ತು ಗೂಡಿನ ಎಳೆ ಒಟ್ಟು ಮಾಡಿ ಒಂದು ನೂಲಾಗಿ ರಾಟೆಗೆ ಕೊಡಬೇಕು. ದಿನವಿಡೀ ಕೈ ಬಿಸಿನೀರಿನಲ್ಲೇ ಇರುತ್ತಿತ್ತು. ಹೋದ ವರ್ಷ ಕೆಲಸ ಬಿಟ್ಟಳು. ಅವಳಿಗೆ ಗೊತ್ತಾಗದ ಹಾಗೆ ಒಂದು ಕಸೂತಿ ಮಾಡಿ, ಚೌಕಟ್ಟು ಹಾಕಿಸಿ ಕೊಡಬೇಕು ಅಂತ ನನ್ನ ಆಸೆ. ಅದೂ ರೇಷ್ಮೆಯಲ್ಲೇ ಆಗಬೇಕು. ಅಷ್ಟು ವರ್ಷ ರೇಷ್ಮೆ ಎಳೆದವಳಿಗೆ ಹತ್ತಿ ದಾರದಲ್ಲಿ ಮಾಡಿಕೊಡಲು ಮನಸ್ಸು ಬರುತ್ತಿಲ್ಲ.

ಚಿತ್ರ ಹೀಗಿದೆ. ಕೆನೆ ಬಣ್ಣದ ರೇಷ್ಮೆ ಬಟ್ಟೆ, 10 ಇಂಚು 12 ಇಂಚು. ಅದರ ಮೇಲೆ ಒಂದು ಹಿಪ್ಪುನೇರಳೆ ಕಡ್ಡಿ, ಮೂರು ಎಲೆ, ಒಂದು ಗೂಡು, ಗೂಡಿನ ಮೇಲೆ ಕೂತ ಚಿಟ್ಟೆ. ಎಲೆ ನಮ್ಮ ತೋಟದ ವಿ-1 ತಳಿಯದು. ಕುಡಿಯ ಹತ್ತಿರದ ಚಿಕ್ಕ ಎಲೆಗಳನ್ನೇ ಕಿತ್ತು ತಂದು, ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದೆ. ನಡುನರದಿಂದ ಅಂಚಿಗೆ ಸುಮಾರು 2 ಸೆಂಟಿಮೀಟರ್ ಅಗಲ ಬಂದಿದೆ.

ನನ್ನ ಹತ್ತಿರ ಮೂರು ತರಹದ ದಾರ ಇದೆ. ವಿದೇಶದಲ್ಲಿರುವ ಚಿಕ್ಕಮ್ಮನ ಮಗಳು ಎರಡು ತಂದುಕೊಟ್ಟಳು. ಒಂದು ಫ್ರಾನ್ಸಿನ ಸ್ವಾ ದಾಲ್ಜೇ, 5 ಮೀಟರಿನ ಚಿಕ್ಕ ಲಡಿಗಳು, ಬಿಡಿಸಿದರೆ ಏಳು ಎಳೆ. ಇನ್ನೊಂದು ಜಪಾನಿನ ದಾರ, ಅದರಲ್ಲಿ ಹುರಿಯೇ ಇಲ್ಲ, ಹಸಿರು ನೀರು ಹರಿದ ಹಾಗೆ ಇದೆ. ಮೂರನೆಯದು ಸೋದರಮಾವನ ನೂಲು ಬಿಚ್ಚುವ ಘಟಕದ್ದು. ಒಂದು ಲಡಿ ಕಚ್ಚಾ ರೇಷ್ಮೆ ಕೊಟ್ಟಿದ್ದಾರೆ.

ತೊಂದರೆ ಏನೆಂದರೆ, ಫ್ರಾನ್ಸಿನ ದಾರ ಹೇಳಿದ ಮಾತು ಕೇಳುತ್ತದೆ. ಕಡ್ಡಿಯನ್ನು ಅದರಲ್ಲೇ ಮುಗಿಸಿದೆ. ಜಪಾನಿನ ದಾರ ಮಾತ್ರ ಬೆರಳಿಗೆಲ್ಲ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕು ಹೊಲಿಗೆ ಹಾಕುವುದರೊಳಗೆ ನವಿರು ಎದ್ದು ಜೇಡರ ಬಲೆಯ ಹಾಗಾಗುತ್ತದೆ. ಎರಡು ಸಲ ಬಿಚ್ಚಿದೆ. ಇನ್ನೊಂದು ವಿಚಿತ್ರ ನೋಡಿ. ಒಂದೇ ಹಸಿರು ದಾರ, ಆದರೆ ಎಲೆಯ ಒಂದು ಮಗ್ಗುಲು ಹೊಳೆಯುತ್ತದೆ, ಇನ್ನೊಂದು ಮಗ್ಗುಲು ಕಪ್ಪಗೆ ಕಾಣುತ್ತದೆ. ದಾರ ಕೊಳೆ ಆಯಿತೇನೋ ಅಂತ ಹೆದರಿದೆ. ಮಾವ ಕೊಟ್ಟ ನೂಲಂತೂ ಬಿರುಸಾಗಿದೆ, ಹಳದಿಯಾಗಿದೆ, ಹೊಳಪೂ ಇಲ್ಲ. ಸೀರೆಯಲ್ಲಿ ಅಷ್ಟು ಮಿನುಗುವುದು ಇದೇ ನೂಲು ಅಲ್ವಾ? ಇದನ್ನು ಕಸೂತಿಗೆ ತರುವ ದಾರಿ ಇದೆಯಾ?

ಒಂಬತ್ತು ವರ್ಷದಿಂದ ಆಂಕರ್ ಹತ್ತಿ ದಾರದಲ್ಲಿ ಕೆಲಸ ಮಾಡುತ್ತಿದ್ದೇನೆ. ರೇಷ್ಮೆ ಇದೇ ಮೊದಲು.

ಸೂಜಿಮನೆ (ತುಮಕೂರು)

ನೋಡಮ್ಮಾ, ಮೊದಲು ಆ ಕಪ್ಪಗೆ ಕಾಣುವ ಮಗ್ಗುಲನ್ನು ಬಿಚ್ಚಬೇಡ. ಅದು ಕೊಳೆಯಲ್ಲ, ಅದೇ ರೇಷ್ಮೆಯ ಗುಣ. ಚೌಕಟ್ಟನ್ನು ಕೈಯಲ್ಲಿ ಹಿಡಿದು ಕಿಟಕಿ ಹತ್ತಿರ ನಿಧಾನಕ್ಕೆ ತಿರುಗಿಸು. ಕಪ್ಪಗಿದ್ದ ಕಡೆ ಬೆಳಗುತ್ತದೆ, ಬೆಳಗಿದ್ದ ಕಡೆ ಕಪ್ಪಾಗುತ್ತದೆ. ರೇಷ್ಮೆ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಗಿರುವುದಿಲ್ಲ, ಮೂಲೆ ಸವೆದ ತ್ರಿಕೋನದ ಹಾಗೆ ಇರುತ್ತದೆ. ಬೆಳಕು ಅದರ ಮಗ್ಗುಲಿಗೆ ಬಿದ್ದು ಕನ್ನಡಿಯ ಹಾಗೆ ವಾಪಸ್ ಬರುತ್ತದೆ. ದಾರಕ್ಕೆ ಹುರಿ ಇದ್ದರೆ ಆ ಬೆಳಕು ಚೂರುಚೂರಾಗಿ ಎಲ್ಲ ಕಡೆ ಹರಡುತ್ತದೆ. ಹುರಿ ಇಲ್ಲದಿದ್ದರೆ ಹೊಲಿಗೆ ಯಾವ ದಿಕ್ಕಿಗೆ ಮಲಗಿದೆಯೋ ಆ ದಿಕ್ಕಿನ ಮೇಲೆ ಬಣ್ಣ ನಿಲ್ಲುತ್ತದೆ. ಹಾಗಾಗಿ ಒಂದೇ ಹಸಿರಿನಲ್ಲಿ ಎರಡು ಹಸಿರು ಸಿಗುತ್ತದೆ. ಇದು ಹತ್ತಿ ದಾರದಲ್ಲಿ ಎಷ್ಟು ಕಷ್ಟಪಟ್ಟರೂ ಇಷ್ಟು ಚೆನ್ನಾಗಿ ಬರುವುದಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುವಾಗ ಬಣ್ಣದ ಪೆಟ್ಟಿಗೆ ಮುಚ್ಚಿಡು, ಹೊಲಿಗೆಯ ದಿಕ್ಕು ಬರಿ ಅಂತಲೇ ಶುರು ಮಾಡುತ್ತೇನೆ. ಹೊಲಿಗೆ ಹಾಕುವ ಮುಂಚೆ ಎಲೆಯ ಒಳಗೆ ಸಣ್ಣ ಬಾಣದ ಗುರುತು ಹಾಕಿಕೋ. ನರದಿಂದ ಅಂಚಿಗೆ, ತುದಿಯ ಕಡೆ ಓರೆಯಾಗಿ. ನಿಜವಾದ ಎಲೆಯ ಪಕ್ಕನರಗಳು ಎತ್ತ ಓಡುತ್ತವೋ ಅತ್ತಲೇ ಸೂಜಿಯೂ ಓಡಲಿ.

ತಪ್ಪಿರುವುದು ಹೊಲಿಗೆಯ ಉದ್ದದಲ್ಲಿ. 2 ಸೆಂಟಿಮೀಟರ್ ಅಗಲವನ್ನು ಒಂದೇ ಹೊಲಿಗೆಯಲ್ಲಿ ದಾಟುತ್ತಿದ್ದೀಯ ಅಂತ ಕಾಣುತ್ತದೆ. ಹುರಿ ಇಲ್ಲದ ದಾರ ಅಷ್ಟು ಉದ್ದಕ್ಕೆ ನಿಲ್ಲುವುದಿಲ್ಲ, ಎಳೆಗಳು ಒಂದನ್ನೊಂದು ಬಿಟ್ಟು ಹೋಗುತ್ತವೆ. 1 ಸೆಂಟಿಮೀಟರ್ ಒಳಗೇ ಇರಲಿ. ಒಂದು ಉದ್ದ, ಒಂದು ಗಿಡ್ಡ, ಹೀಗೆ ಹಾಕಿಕೊಂಡು ಬಾ. ಮುಂದಿನ ಸಾಲು ಹಿಂದಿನ ಸಾಲಿನ ಎಳೆಯನ್ನು ಸೀಳಿಕೊಂಡು ಮೇಲೆ ಬರಲಿ. ಅದಕ್ಕೂ ಮುಂಚೆ ಎಲೆಯ ಅಂಚಿನ ಸುತ್ತ ಒಂದೇ ಎಳೆಯಲ್ಲಿ ಸಣ್ಣ ಸೀಳು ಹೊಲಿಗೆ ಹಾಕು. ಅದರ ಹೊರಗಿನಿಂದ ಸೂಜಿ ಇಳಿಸಿದರೆ ಅಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಬರುತ್ತದೆ.

ಇನ್ನು ಬೆರಳಿಗೆ ಸಿಕ್ಕಿಕೊಳ್ಳುವ ವಿಷಯ. ಮನೆ ಕೆಲಸ ಮಾಡುವ ಎಲ್ಲ ಹೆಂಗಸರ ಕೈಯೂ ಹಾಗೇ. ಸೌತೆಕಾಯಿ ಹೆಚ್ಚಿದರೂ ಬೆರಳ ತುದಿಯಲ್ಲಿ ಗೀರು ಬೀಳುತ್ತದೆ. ಕಣ್ಣಿಗೆ ಕಾಣದ ಆ ಗೀರು ರೇಷ್ಮೆಗೆ ಕಾಣುತ್ತದೆ. ಒಂದು ಚಮಚ ಸಕ್ಕರೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ, ಎರಡು ನಿಮಿಷ ಕೈ ಉಜ್ಜಿಕೋ. ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆದು ಪೂರ್ತಿ ಒಣಗಿಸು. ಎಣ್ಣೆಯ ಪಸೆ ಉಳಿದರೆ ಕೆನೆ ಬಟ್ಟೆ ಹಾಳಾಗುತ್ತದೆ. ಉಗುರಿನ ಅಂಚು ಉಜ್ಜಿ ನುಣುಪು ಮಾಡು. ಕಲ್ಲಿನ ಉಂಗುರ ಇದ್ದರೆ ತೆಗೆದಿಡು. ಫ್ಯಾನ್ ಆರಿಸು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಬಿಡಿಸಿದ ಎಳೆ ಫ್ಯಾನಿನ ಗಾಳಿಗೆ ಹಾರಿ ಗಂಟಾಗುವುದೇ ಜಾಸ್ತಿ.

ದಾರ ಒಂದು ಮೊಳಕ್ಕಿಂತ ಕಡಿಮೆ ಇರಲಿ, 14 ಇಂಚು ಸಾಕು. ಬಟ್ಟೆಯಲ್ಲಿ ಹೋಗಿ ಬಂದಷ್ಟೂ ಅದು ಸವೆಯುತ್ತದೆ. ಸೂಜಿ 9ನೇ ನಂಬರಿನದು ತಗೋ, ಕಣ್ಣು ಉದ್ದ ಇರುವಂಥದ್ದು. ಕಣ್ಣು ಬಿಗಿಯಾದರೆ ದಾರ ಅಲ್ಲೇ ಉಜ್ಜಿ ನವಿರು ಏಳುತ್ತದೆ. ಜಪಾನಿನ ಹುರಿ ಇಲ್ಲದ ದಾರದ ಒಂದು ಕಟ್ಟಿನಲ್ಲಿ ಸಾಮಾನ್ಯವಾಗಿ ಹನ್ನೆರಡು ಎಳೆ ಇರುತ್ತದೆ. ನಿನ್ನ ಎಲೆಗೆ ಆರು ಸಾಕು, ತುದಿಗೆ ಹೋದಾಗ ಮೂರು.

ಎಲ್ಲಕ್ಕಿಂತ ಮುಖ್ಯ ಇದು. ಹೊಲಿಯುತ್ತಾ ಹೋದರೆ ನಮ್ಮ ಕೈಯೇ ದಾರಕ್ಕೆ ಹುರಿ ಕೊಡುತ್ತದೆ. ಐದಾರು ಹೊಲಿಗೆಗೆ ಒಂದು ಸಲ ಸೂಜಿಯನ್ನು ಕೆಳಗೆ ಇಳಿಬಿಡು. ತಾನೇ ತಿರುಗಿ ಬಿಚ್ಚಿಕೊಳ್ಳುತ್ತದೆ. ಹೊಲಿಗೆ ಬಟ್ಟೆಗೆ ಕೂರುವ ಮುಂಚೆ ಎಳೆಗಳನ್ನು ಒಂದರ ಪಕ್ಕ ಒಂದು ಮಲಗಿಸಬೇಕು. ಅದಕ್ಕೆ ಜಪಾನಿನವರು ಬೇರೆ ಕಡ್ಡಿಯನ್ನೇ ಇಟ್ಟುಕೊಂಡಿದ್ದಾರೆ. ನಾನು ಚಿಕ್ಕ ದಬ್ಬಳದ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಂಡಿದ್ದೇನೆ. ಎಡಗೈಯಲ್ಲಿ ದಬ್ಬಳ, ದಾರವನ್ನು ಅದರ ಮೇಲೆ ಸವರಿ, ಕೆಳಗಿನಿಂದ ಎಳೆದ ಹಾಗೆ ನಿಧಾನಕ್ಕೆ ದಬ್ಬಳ ಜಾರಿಸು. ಎರಡೂ ಕೈ ಬೇಕಾಗುತ್ತದೆ, ಹಾಗಾಗಿ ಕೈಯಲ್ಲಿ ಹಿಡಿಯುವ ರಿಂಗು ಬೇಡ. ಮಗ್ಗಂ ವರ್ಕಿನ ಚೌಕಟ್ಟು ಸಿಕ್ಕರೆ ಅದಕ್ಕೆ ಬಿಗಿದುಕೋ, ಬಟ್ಟೆಯ ಹಿಂದೆ ತೆಳು ಮಲ್ ಬಟ್ಟೆ ಕೊಡು. ರಿಂಗೇ ಇದ್ದರೆ ಒಳಬಳೆಗೆ ಹತ್ತಿ ಬಟ್ಟೆಯ ಪಟ್ಟಿ ಸುತ್ತು. ಮುಗಿದ ಹೊಲಿಗೆಯ ಮೇಲೆ ಮಾತ್ರ ರಿಂಗು ಯಾವತ್ತೂ ಹಾಕಬೇಡ.

ಗಂಟು ಹಾಕಬೇಡ. ರೇಷ್ಮೆ ಜಾರುತ್ತದೆ, ಗಂಟೂ ಜಾರುತ್ತದೆ. ಎಲೆಯ ಒಳಗೆ, ಮುಚ್ಚಿಹೋಗುವ ಜಾಗದಲ್ಲಿ ಮೂರು ಚುಕ್ಕಿ ಹೊಲಿಗೆ ಹಾಕಿ ಶುರು ಮಾಡು, ಹಾಗೇ ಮುಗಿಸು.

ಕುಚ್ಚುಬುಟ್ಟಿ (ಕೋಲಾರ)

ಅಕ್ಕ ಎಲ್ಲ ಹೇಳಿದ್ದಾರೆ. ನಾನು ಸೀರೆಗೆ ಕುಚ್ಚು ಕಟ್ಟುವವಳು, ಕಸೂತಿ ಅಷ್ಟಾಗಿ ಬರುವುದಿಲ್ಲ. ಆದರೂ ಒಂದು ವಿಷಯ ಹೇಳಲೇಬೇಕು. ಆ ಜಪಾನಿನ ಹಸಿರು ಖಾಲಿಯಾದರೆ ಅದೇ ಬಣ್ಣಕ್ಕೆ ಅಂತ ಫ್ಯಾನ್ಸಿ ಸ್ಟೋರಿಗೆ ಹೋಗಬೇಡಿ. ಅಲ್ಲಿ ಸಿಲ್ಕ್ ಥ್ರೆಡ್ ಅಂತ ಕೊಡುವ ರೀಲುಗಳಲ್ಲಿ ಹೆಚ್ಚಿನವು ರೇಷ್ಮೆಯಲ್ಲ. ನಾವು ಕುಚ್ಚಿಗೆ, ಬಳೆಗೆ ಸುತ್ತುವ ದಾರ ಅದು, ರೇಯಾನೋ ಪಾಲಿಯೆಸ್ಟರೋ ಆಗಿರುತ್ತದೆ. ಕುಚ್ಚಿಗೆ ಅದು ಚೆನ್ನಾಗಿಯೇ ಇರುತ್ತದೆ, ಬಾಳಿಕೆಯೂ ಬರುತ್ತದೆ, ನಾನೂ ದಿನಾ ಬಳಸುತ್ತೇನೆ. ಆದರೆ ನಿಮ್ಮ ಅಮ್ಮನ ಚಿತ್ರದಲ್ಲಿ ಅರ್ಧ ಎಲೆ ರೇಷ್ಮೆ, ಅರ್ಧ ಎಲೆ ರೇಯಾನ್ ಆದರೆ ನಿಮಗೇ ಮನಸ್ಸಿಗೆ ಚುಚ್ಚುತ್ತದೆ.

ಗೊತ್ತು ಮಾಡಿಕೊಳ್ಳುವುದು ಸುಲಭ. ಎರಡು ಇಂಚು ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ಸ್ಟೀಲ್ ತಟ್ಟೆ ಇಟ್ಟು, ಬೆಂಕಿ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ನಿಧಾನಕ್ಕೆ ಉರಿಯುತ್ತದೆ, ಬೆಂಕಿ ತೆಗೆದರೆ ಆರುತ್ತದೆ. ಉಳಿದ ಕರಿ ಉಂಡೆಯನ್ನು ಆರಿದ ಮೇಲೆ ಒತ್ತಿದರೆ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಭಗ್ಗನೆ ಉರಿಯುತ್ತದೆ, ವಾಸನೆಯೂ ಕಾಗದದ್ದೇ. ಪಾಲಿಯೆಸ್ಟರ್ ಕರಗುತ್ತದೆ, ಆರಿದ ಮೇಲೆ ಗಟ್ಟಿ ಮಣಿ ಉಳಿಯುತ್ತದೆ, ಒತ್ತಿದರೂ ಪುಡಿಯಾಗುವುದಿಲ್ಲ. ಕಸೂತಿ ಹಾಕುತ್ತಿರುವ ಬಟ್ಟೆಯ ಅಂಚಿನ ಒಂದು ಎಳೆಯನ್ನೂ ಹಾಗೇ ಸುಟ್ಟು ನೋಡಿ. ಬಟ್ಟೆ ಹೊಸದಾಗಿ ಕೊಳ್ಳುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಕೇಂದ್ರ ರೇಷ್ಮೆ ಮಂಡಳಿಯ ಮೂಲಕ 2004ರಲ್ಲಿ ಬಂದ ಗುರುತು ಅದು, ಶುದ್ಧ ರೇಷ್ಮೆಗೆ ಮಾತ್ರ ಹಾಕುತ್ತಾರೆ.

ಹುರಿಮಿಷನ್ (ಚಿಂತಾಮಣಿ)

ತಂಗಿ, ನಿಮ್ಮ ಮಾವನ ನೂಲಿನ ಬಗ್ಗೆ ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ರೇಷ್ಮೆಗೆ ಹುರಿ ಹಾಕುವ ಕೆಲಸದಲ್ಲಿದ್ದೇನೆ. ಕಸೂತಿ ಗೊತ್ತಿಲ್ಲ, ನೂಲು ಗೊತ್ತು.

ನೂಲು ಬಿರುಸಾಗಿದೆ, ಹೊಳಪಿಲ್ಲ ಅಂದಿರಿ. ಅದು ಅಂಟು. ಹುಳ ಎಳೆ ಬಿಡುವಾಗ ಎರಡು ನವಿರು ಎಳೆಗಳನ್ನು ಅಂಟಿನಲ್ಲಿ ಸುತ್ತಿ ಬಿಡುತ್ತದೆ. ಗೂಡು ಗಟ್ಟಿ ನಿಲ್ಲುವುದೇ ಆ ಅಂಟಿನಿಂದ. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅಂಟೇ ಇರುತ್ತದೆ. ನಿಮ್ಮ ಮಾವನ ನೂಲು ಹಳದಿ ಇದೆ ಅಂದರೆ ಮೈಸೂರು ತಳಿಯ ಮಿಶ್ರ ಗೂಡಿನದು. ಬೈವೋಲ್ಟೀನ್ ಅನ್ನುವ ಇನ್ನೊಂದು ತಳಿಯ ಗೂಡಾಗಿದ್ದರೆ ಬಿಳಿ ಇರುತ್ತಿತ್ತು. ಆ ಹಳದಿ ಇರುವುದೂ ಹೆಚ್ಚಾಗಿ ಅಂಟಿನಲ್ಲೇ. ಅಂಟು ತೆಗೆದರೆ ಹಳದಿಯೂ ಅದರ ಜೊತೆ ಹೋಗುತ್ತದೆ, ಕೆನೆ ಬಿಳುಪು ಉಳಿಯುತ್ತದೆ, ಹೊಳಪು ಆಗ ಬರುತ್ತದೆ.

ಆದರೆ ಲಡಿಯನ್ನು ಹಾಗೇ ಬೇಯಿಸಬೇಡಿ. ಇದು ತುಂಬ ಜನ ಮಾಡುವ ತಪ್ಪು. ಒಂಟಿ ನೂಲು 20 ಡೆನಿಯರ್ ಅಂದರೆ 9000 ಮೀಟರ್ ನೂಲು ಬರೀ 20 ಗ್ರಾಂ ತೂಗುತ್ತದೆ. ಅಷ್ಟು ಸಣ್ಣ ನೂಲಿನ ಅಂಟು ಹೋದರೆ ಎಳೆಗಳು ಬಿಟ್ಟುಕೊಂಡು ಹತ್ತಿಯ ಹಾಗೆ ಕೆದರಿಹೋಗುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಮೊದಲು ಎಳೆ ಕೂಡಿಸಿ ಹುರಿ ಹಾಕಬೇಕು, ಆಮೇಲೆ ಅಂಟು ತೆಗೆಯಬೇಕು. ಸೀರೆಯ ನೂಲಿಗೂ ಇದೇ ಕ್ರಮ. ಹಾಸಿನ ನೂಲಿಗೆ ಹುರಿ ಜಾಸ್ತಿ, ಹೊಕ್ಕಿನ ನೂಲಿಗೆ ಕಡಿಮೆ. ಕಸೂತಿಗೆ ಹೊಕ್ಕಿನ ನೂಲಿನಂಥದ್ದು ಬೇಕು, ಇಂಚಿಗೆ ಎರಡು ಮೂರು ಸುತ್ತು. ಹತ್ತಿರದಲ್ಲಿ ಹುರಿ ಮಿಷನ್ ಇಟ್ಟವರಿದ್ದರೆ ಹದಿನಾರು ಎಳೆ ಕೂಡಿಸಿ ಹಾಕಿಕೊಡಿ ಅಂತ ಕೇಳಿ. 20 ಗ್ರಾಂ ನೂಲಿನಲ್ಲಿ 500 ಮೀಟರಿಗಿಂತ ಜಾಸ್ತಿ ದಾರ ಆಗುತ್ತದೆ. ಒಂದು ಚಿತ್ರಕ್ಕೆ ಧಾರಾಳ.

ಅಂಟು ತೆಗೆಯುವುದು ಮನೆಯಲ್ಲೇ ಆಗುತ್ತದೆ. ಬೋರ್‌ವೆಲ್ ನೀರು ಮಾತ್ರ ಬೇಡ. ನಮ್ಮ ಕಡೆಯ ಗಡಸು ನೀರಿಗೆ ಸೋಪು ಹಾಕಿದರೆ ಮೊಸರಿನ ಹಾಗೆ ಒಡೆಯುತ್ತದೆ, ಆ ಜಿಡ್ಡು ರೇಷ್ಮೆಗೆ ಹಿಡಿದರೆ ಹೊಳಪು ಸತ್ತಹಾಗೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುತ್ತೀವಲ್ಲ, ಆ ನೀರು ತನ್ನಿ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು. 20 ಗ್ರಾಂ ದಾರಕ್ಕೆ 1 ಲೀಟರ್ ನೀರು, 5 ಗ್ರಾಂ ಬಣ್ಣವಿಲ್ಲದ ಬಾರ್ ಸೋಪು ತುರಿದು ಹಾಕಿ, 1 ಗ್ರಾಂ ವಾಷಿಂಗ್ ಸೋಡಾ. ಸೋಡಾ ಜಾಸ್ತಿ ಆದರೆ ರೇಷ್ಮೆಯೇ ಸೊರಗುತ್ತದೆ. ಬಟ್ಟೆ ಪೌಡರ್ ಬೇಡ. ಕಲೆ ತಿನ್ನಲು ಅದರಲ್ಲಿ ಹಾಕಿರುವ ಕಿಣ್ವಗಳು ಪ್ರೋಟೀನನ್ನು ತಿನ್ನುತ್ತವೆ, ರೇಷ್ಮೆಯೂ ಪ್ರೋಟೀನೇ. ಲಡಿಯನ್ನು ನಾಲ್ಕು ಕಡೆ ಹತ್ತಿ ದಾರದಲ್ಲಿ ಸಡಿಲವಾಗಿ ಎಂಟರ ಆಕಾರಕ್ಕೆ ಕಟ್ಟಿ. ಸ್ಟೀಲ್ ಪಾತ್ರೆ. 90 ಡಿಗ್ರಿ, ಅಂದರೆ ಹಬೆ ಏಳಬೇಕು, ನೀರು ಕುದಿದು ಕುಣಿಯಬಾರದು. ಮುಕ್ಕಾಲು ಗಂಟೆ. ನಡುವೆ ಕೋಲಿನಲ್ಲಿ ಎತ್ತಿ ಮಗುಚಿ ಇಡಿ.

ತೊಳೆಯುವಾಗ ಮೊದಲ ನೀರು ಬಿಸಿಯೇ ಇರಲಿ, ಎರಡನೆಯದು ಉಗುರು ಬೆಚ್ಚಗೆ, ಮೂರನೆಯದು ತಣ್ಣೀರು. ಒಮ್ಮೆಗೇ ತಣ್ಣೀರಿಗೆ ಹಾಕಿದರೆ ಕರಗಿದ ಅಂಟು ಮತ್ತೆ ಕೂರುತ್ತದೆ. ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್. ಒಣಗಿದ ಮೇಲೆ ಹಿಂಡಿದರೆ ಹೊಸ ಸೀರೆ ಮಡಿಸುವಾಗ ಬರುವ ಸದ್ದು ಬರುತ್ತದೆ, ಅದು ಬಂದರೆ ನನಗಂತೂ ಬಹಳ ಖುಷಿ. ನೆರಳಲ್ಲಿ ಒಣಗಿಸಿ ತೂಕ ಹಾಕಿ. 20 ಗ್ರಾಂ ಇದ್ದದ್ದು 15ರ ಹತ್ತಿರ ಬಂದರೆ ಅಂಟು ಹೋಗಿದೆ ಅಂತ ಅರ್ಥ. 18 ಇದ್ದರೆ ಇನ್ನೊಂದು ಸಲ.

ಆ ಫ್ರಾನ್ಸಿನ ದಾರ ಮಾತು ಕೇಳುತ್ತದೆ ಅಂದಿರಲ್ಲ. ಅದು ಬಿಚ್ಚಿದ ನೂಲಲ್ಲ, ನೂತ ನೂಲು. ಚಿಟ್ಟೆ ತೂತು ಮಾಡಿಕೊಂಡು ಹೊರಬಂದ ಗೂಡು, ಬಿಚ್ಚುವಾಗ ಉಳಿದ ತ್ಯಾಜ್ಯ, ಇಂಥವನ್ನೆಲ್ಲ ತುಂಡು ಎಳೆ ಮಾಡಿ ಹತ್ತಿಯ ಹಾಗೆ ನೂಲುತ್ತಾರೆ. ಹೊಳಪು ಒಂದು ಕೈ ಕಡಿಮೆ, ಆದರೆ ಎಳೆ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅದಕ್ಕೇ ಹತ್ತಿ ದಾರದ ಅಭ್ಯಾಸ ಇರುವ ಕೈಗೆ ಸುಲಭ ಅನ್ನಿಸಿದ್ದು.

ಒಂದು ಮಾತು. ಪೂರ್ತಿ ಲಡಿಯ ಅಂಟು ತೆಗೆಯಬೇಡಿ. ನೀವು ಗೂಡು ಬರೆಯುತ್ತಿದ್ದೀರಿ. ಗೂಡಿನ ಬಿರುಸು, ಗೂಡಿನ ಹಳದಿ, ಎರಡೂ ಆ ಕಚ್ಚಾ ನೂಲಿನಲ್ಲೇ ಇದೆ.

ಸೂಜಿಮನೆ (ತುಮಕೂರು)

ಎಂಥ ಮಾತು ಹೇಳಿದಿರಿ! ನನಗೆ ಹೊಳೆದಿರಲಿಲ್ಲ. ಹೌದಮ್ಮಾ, ಗೂಡಿಗೆ ಕಚ್ಚಾ ನೂಲೇ ಸರಿ. ಬಟ್ಟೆಯೊಳಗೆ ತೂರಿಸಬೇಡ, ಬಿರುಸು ನೂಲು ಬಟ್ಟೆಯನ್ನು ಕೊಯ್ಯುತ್ತದೆ. ಎಂಟು ಹತ್ತು ನೂಲು ಸೇರಿಸಿ ಮೇಲೆ ಮಲಗಿಸು, ಅಂಟು ತೆಗೆದ ರೇಷ್ಮೆಯ ಒಂದೇ ಎಳೆಯಲ್ಲಿ ಅಲ್ಲಲ್ಲಿ ಅಡ್ಡ ಹೊಲಿಗೆ ಹಾಕಿ ಹಿಡಿ. ಜರಿ ಕೂರಿಸುತ್ತೇವಲ್ಲ, ಹಾಗೆ. ಒಳಗೆ ಎರಡು ಪದರ ಹತ್ತಿ ಬಟ್ಟೆ ಕೊಟ್ಟರೆ ಗೂಡು ಉಬ್ಬುತ್ತದೆ.

ಬಣ್ಣದ ದಾರದ ಬಗ್ಗೆ ಎಚ್ಚರಿಕೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಕೆಲವು ವರ್ಷದ ಹಿಂದೆ ಮದುಮಗಳ ರವಿಕೆಯೊಂದಕ್ಕೆ ಕೆನೆ ರೇಷ್ಮೆಯ ಮೇಲೆ ಕುಂಕುಮ ಬಣ್ಣದ ರೇಷ್ಮೆ ದಾರದಲ್ಲಿ ಕಮಲ ಹಾಕಿದೆ. ಹನ್ನೊಂದು ದಿನದ ಕೆಲಸ. ದಾರ ಹೊಸ ಅಂಗಡಿಯದು, ಪರೀಕ್ಷೆ ಮಾಡದೆ ಹಾಕಿದ್ದು ನನ್ನದೇ ತಪ್ಪು. ಗೆರೆ ಅಳಿಸೋಣ ಅಂತ ಒದ್ದೆ ಬಟ್ಟೆ ಒತ್ತಿದೆ. ಕಮಲದ ಸುತ್ತ ಗುಲಾಬಿ ಕಲೆ ಹರಡಿತು. ಮದುವೆಗೆ ಐದು ದಿನ ಇತ್ತು. ಹೊಸ ಬಟ್ಟೆ ತಂದು, ನನ್ನ ಹತ್ತಿರ ಕಲಿಯುತ್ತಿದ್ದ ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ರಾತ್ರಿ ಹಗಲು ಹಾಕಿ ಮುಗಿಸಿದೆವು. ಆ ಹುಡುಗಿಗೆ ಹೇಳಿ ಕ್ಷಮೆ ಕೇಳಿದೆ. ಹಳೆಯ ತುಂಡನ್ನು ಈಗಲೂ ಇಟ್ಟಿದ್ದೇನೆ, ಹೊಸದಾಗಿ ಕಲಿಯಲು ಬಂದವರಿಗೆ ಮೊದಲ ದಿನ ತೋರಿಸುತ್ತೇನೆ.

ಅದಕ್ಕೇ ಪ್ರತಿ ಬಣ್ಣದಲ್ಲೂ ಒಂದು ಗೇಣು ದಾರ ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯ ಮಡಿಕೆಯಲ್ಲಿಟ್ಟು, ಮೇಲೆ ಬಿಸಿ ಇಸ್ತ್ರಿ ಒತ್ತಿ ನೋಡು. ಬಣ್ಣ ಹತ್ತಿದರೆ ಆ ದಾರ ಬೇಡ. ನೀರಲ್ಲಿ ಅಳಿಸುವ ಪೆನ್ನಿನಲ್ಲಿ ಚಿತ್ರ ಬರೆಯಬೇಡ. ಬಟರ್ ಪೇಪರಿಗೆ ಸೂಜಿಯಿಂದ ತೂತು ಮಾಡಿ ಸೀಮೆಸುಣ್ಣದ ಪುಡಿ ಸವರು, ಆ ಚುಕ್ಕಿಗಳ ಮೇಲೆ ಒಂದೇ ಎಳೆಯಲ್ಲಿ ಸಡಿಲ ಹೊಲಿಗೆ ಹಾಕಿಕೋ. ಆಮೇಲೆ ತೆಗೆದರಾಯಿತು. ಕೊನೆಗೆ ಇಸ್ತ್ರಿ ಹಿಂದಿನಿಂದ, ಕೆಳಗೆ ದಪ್ಪ ಟವೆಲ್ ಹಾಸಿ, ಕಡಿಮೆ ಬಿಸಿಯಲ್ಲಿ. ಚೌಕಟ್ಟನ್ನು ಬಿಸಿಲು ಬೀಳುವ ಗೋಡೆಗೆ ಹಾಕಬೇಡ. ಬಿಸಿಲಿಗೆ ಬಣ್ಣ ಮಾಸುವುದಷ್ಟೇ ಅಲ್ಲ, ಎಳೆಯೇ ಸೊರಗಿ ಹರಿಯುತ್ತದೆ.

ಹಿಪ್ಪುನೇರಳೆ (ಶಿಡ್ಲಘಟ್ಟ)

ಇಪ್ಪತ್ತು ದಿನ ಆಯಿತು, ನಡೆದದ್ದನ್ನು ಹೇಳಬೇಕು ಅಂತ ಬಂದೆ.

ಮಾವನ ಪರಿಚಯದವರು ಹುರಿ ಹಾಕಿಕೊಟ್ಟರು. ಅಮ್ಮ ತಂಗಿಯ ಮನೆಗೆ ಹೋಗಿದ್ದ ದಿನ ನೋಡಿ ಒಲೆಗೆ ಇಟ್ಟೆ. 22 ಗ್ರಾಂ ಇತ್ತು, ಒಣಗಿದ ಮೇಲೆ 17 ಬಂತು. ನೀರೆಲ್ಲ ಹಳದಿ, ದಾರ ಹಾಲಿನ ಕೆನೆ. ಆ ಸದ್ದೂ ಬಂತು ಅಣ್ಣಾ, ಮತ್ತೆ ಮತ್ತೆ ಹಿಂಡಿ ಕೇಳಿದೆ.

ಆದರೆ ಅಮ್ಮ ಸಂಜೆಯೇ ವಾಪಸ್ ಬಂದುಬಿಟ್ಟಳು. ಬಾಗಿಲಲ್ಲೇ ನಿಂತು, ಯಾರು ನೂಲು ಬೇಯಿಸಿದ್ದು ಅಂತ ಕೇಳಿದಳು. ನನಗೆ ಬರದ ವಾಸನೆ ಅವಳಿಗೆ ಬಂದಿತ್ತು. ಮುಚ್ಚಿಡಲು ಆಗಲಿಲ್ಲ. ಎಲ್ಲ ತಂದು ಮುಂದೆ ಇಟ್ಟೆ.

ಎಲೆ ಅಕ್ಕ ಹೇಳಿದ ಹಾಗೆ ಬಂದಿದೆ. ಉದ್ದ ಗಿಡ್ಡ ಹೊಲಿಗೆ, ದಬ್ಬಳದಲ್ಲಿ ಸವರಿ. ಎರಡು ಮಗ್ಗುಲಿಗೂ ಒಂದೇ ಹಸಿರು, ಬಾಗಿಲ ಕಡೆ ಹಿಡಿದರೆ ಒಂದು ಬಣ್ಣ, ದೀಪದ ಕೆಳಗೆ ಇನ್ನೊಂದು. ಅಮ್ಮ ಎಲೆಯನ್ನು ಒಂದು ನಿಮಿಷ ನೋಡಿದಳು. ಗೂಡನ್ನು ಮಾತ್ರ ಬಹಳ ಹೊತ್ತು ನೋಡಿದಳು. ನಾನು ಕಚ್ಚಾ ನೂಲನ್ನು ಮೇಲಿಂದ ಕೆಳಗೆ ಸಾಲಾಗಿ, ನೀಟಾಗಿ ಮಲಗಿಸಿದ್ದೆ. ಹುಳ ಹೀಗೆ ಕಟ್ಟುವುದಿಲ್ಲ ಅಂದಳು. ಅದು ತಲೆಯನ್ನು ಎಂಟರ ಹಾಗೆ ಆಡಿಸುತ್ತಾ ಎಳೆ ಬಿಡುತ್ತದೆ, ಒಂದು ಕಡೆ ಸ್ವಲ್ಪ ಕಟ್ಟಿ ಆಮೇಲೆ ಪಕ್ಕಕ್ಕೆ ಸರಿಯುತ್ತದೆ. ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದಳು. ಮತ್ತೆ ಚಂದ್ರಂಕಿಯಿಂದ, ಅಂದರೆ ಹುಳ ಗೂಡು ಕಟ್ಟಲು ಬಿಡುವ ತಟ್ಟೆಯಿಂದ, ಬಿಡಿಸಿದ ಗೂಡಿನ ಹೊರಗೆ ಸಡಿಲ ಜಾಲ ಇರುತ್ತದೆ, ಅದಿಲ್ಲದೆ ಗೂಡು ಬೋಳಾಗಿದೆ ಅಂದಳು. ಹುಳ ಮೊದಲು ಕಟ್ಟುವುದೇ ಆ ಜಾಲವನ್ನು.

ಗೂಡು ಪೂರ್ತಿ ಬಿಚ್ಚಿದೆ. ಸಣ್ಣ ಸಣ್ಣ ಎಂಟುಗಳಾಗಿ ಮತ್ತೆ ಕೂರಿಸಿದೆ. ನಾಲ್ಕು ಸಂಜೆ ಹಿಡಿಯಿತು. ಹೊರಗಿನ ಜಾಲಕ್ಕೆ ಅಂಟು ತೆಗೆದ ದಾರವನ್ನು ಬಿಡಿಸಿ, ಅದರ ಒಂಟಿ ಎಳೆಗಳನ್ನು ಬಿಗಿ ಮಾಡದೆ ಅಲ್ಲಲ್ಲಿ ಹಾಯಿಸಿದೆ.

ಇನ್ನೊಂದು ಹೇಳಲೇಬೇಕು. ಜಪಾನಿನ ದಾರದ ಹನ್ನೆರಡು ಎಳೆ ಬಿಡಿಸಲು ನನಗೆ ಸಕ್ಕರೆ ಎಣ್ಣೆ ಉಜ್ಜಿದ ಮೇಲೂ ಹತ್ತು ನಿಮಿಷ ಬೇಕು. ಅಮ್ಮ ಕೇಳಿ ಇಸಿದುಕೊಂಡಳು. ಹೆಬ್ಬೆರಳು ತೋರುಬೆರಳಲ್ಲಿ ತುದಿಯನ್ನು ಒಂದು ಸಲ ಉಜ್ಜಿದಳು, ತುದಿಗಳು ಬಿಡಿಯಾದವು, ಆರು ಈ ಕಡೆ ಆರು ಆ ಕಡೆ ಎಳೆದುಕೊಟ್ಟಳು. ಒಂದು ನವಿರೂ ಏಳಲಿಲ್ಲ. ಈಗ ಎಳೆ ಬಿಡಿಸಿಕೊಡುವುದು ಅವಳ ಕೆಲಸ. ಸಂಜೆ ದೀಪ ಹಚ್ಚಿದ ಮೇಲೆ ತಾನೇ ಫ್ಯಾನ್ ಆರಿಸಿ ಬಂದು ಕೂರುತ್ತಾಳೆ.

ಎರಡನೇ ಎಲೆ ಅರ್ಧ ಆಗಿದೆ. ಚಿಟ್ಟೆಗೆ ಮನೆಯ ಕೆನೆ ರೇಷ್ಮೆಯನ್ನೇ ಬಳಸುತ್ತೇನೆ. ಅದರ ಮೀಸೆ ಬಾಚಣಿಗೆ ಹಲ್ಲಿನ ಹಾಗೆ ಇರುತ್ತದಲ್ಲ ಅಕ್ಕಾ, ಅದಕ್ಕೆ ಯಾವ ಹೊಲಿಗೆ, ಎಷ್ಟು ಎಳೆ?

ಸೂಜಿಮನೆ (ತುಮಕೂರು)

ಒಂದೇ ಎಳೆ, 10ನೇ ನಂಬರ್ ಸೂಜಿ. ಮೊದಲು ನಡುವಿನ ಬಾಗಿದ ಗೆರೆಯನ್ನು ಕಾಂಡದ ಹೊಲಿಗೆಯಲ್ಲಿ ಹಾಕು. ಹಲ್ಲುಗಳು ಆಮೇಲೆ, ಹೊರಗಿನಿಂದ ಗೆರೆಯ ಕಡೆಗೆ, ಒಂದೊಂದೂ ಒಂದೇ ಹೊಲಿಗೆ. ಬೆಳಗಿನ ಬೆಳಕಿನಲ್ಲಿ ಮಾಡು, ದೀಪದ ಬೆಳಕಲ್ಲಿ ಕೆನೆಯ ಮೇಲೆ ಕೆನೆ ಕಾಣುವುದಿಲ್ಲ. ಎಳೆ ಅಮ್ಮನೇ ಬಿಡಿಸಿಕೊಡಲಿ.